ಸ್ಮಾರ್ಟ್ ಸಿಟಿ ಅಭಿಯಾನ ಮತ್ತು ಶಿಕಾರಿಪುರ, ಸೊರಬ ಪಟ್ಟಣಗಳು

ಸ್ಮಾರ್ಟ್ ಸಿಟಿ ಅಭಿಯಾನವು ಭಾರತದ ಆಯ್ದ 100 ನಗರಗಳನ್ನು ಆಧುನೀಕರಿಸಲು ಕೇಂದ್ರ ಸರ್ಕಾರವು 2015ರ ಜೂನ್ 25ರಂದು ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮವಾಗಿದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಇದನ್ನು ನಡೆಸಿತು. ಕರ್ನಾಟಕದ ಏಳು ನಗರಗಳು ಇದಕ್ಕೆ ಆಯ್ಕೆಯಾದವು. ಶಿವಮೊಗ್ಗ ಜಿಲ್ಲೆಯಿಂದ ಆಯ್ಕೆಯಾದದ್ದು ಜಿಲ್ಲಾ ಕೇಂದ್ರವಾದ ಶಿವಮೊಗ್ಗ ಮಾತ್ರ. ಅದೇ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾದ ಶಿಕಾರಿಪುರ ಮತ್ತು ಸೊರಬ ಈ ಅಭಿಯಾನದ ವ್ಯಾಪ್ತಿಗೆ ಸೇರಿಲ್ಲ. ಇವುಗಳ ಕುಡಿಯುವ ನೀರು, ಚರಂಡಿ, ಕಸ ವಿಲೇವಾರಿ, ರಸ್ತೆ ಮುಂತಾದ ಕೆಲಸಗಳು ಅಮೃತ್ 2.0, ಸ್ವಚ್ಛ ಭಾರತ ಅಭಿಯಾನ (ನಗರ), ರಾಜ್ಯದ ನಗರೋತ್ಥಾನ ಯೋಜನೆ ಮತ್ತು ಹಣಕಾಸು ಆಯೋಗದ ಅನುದಾನಗಳಂಥ ಬೇರೆ ಮೂಲಗಳನ್ನು ಅವಲಂಬಿಸಿವೆ. ಜಿಲ್ಲೆಯ ಹೆಸರೂ ಆಯ್ಕೆಯಾದ ನಗರದ ಹೆಸರೂ ಒಂದೇ ಆಗಿರುವುದರಿಂದ ಇಡೀ ಶಿವಮೊಗ್ಗ ಜಿಲ್ಲೆಯೇ ಯೋಜನೆಗೆ ಒಳಪಟ್ಟಿದೆ ಎಂದು ತಿಳಿಯುವುದುಂಟು, ಅದು ಸರಿಯಲ್ಲ.

ಹೆಸರು ಮತ್ತು ಅರ್ಥ

‘ಸ್ಮಾರ್ಟ್ ಸಿಟಿ’ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ವ್ಯಾಖ್ಯೆ ಇಲ್ಲವೆಂದು ಅಭಿಯಾನದ ಮಾರ್ಗಸೂಚಿಯೇ ಹೇಳುತ್ತದೆ. ಮಾರ್ಗಸೂಚಿಯು ಮೂಲಸೌಕರ್ಯಗಳ ಪಟ್ಟಿಯೊಂದನ್ನು ಕೊಡುತ್ತದೆ: ಸಾಕಷ್ಟು ನೀರು, ಭರವಸೆಯ ವಿದ್ಯುತ್ತು, ಘನತ್ಯಾಜ್ಯ ನಿರ್ವಹಣೆಯೂ ಸೇರಿದ ನೈರ್ಮಲ್ಯ, ಸಾರ್ವಜನಿಕ ಸಾರಿಗೆ, ಬಡವರಿಗೆ ಕೈಗೆಟಕುವ ವಸತಿ, ಮಾಹಿತಿ ತಂತ್ರಜ್ಞಾನದ ಸಂಪರ್ಕ, ಉತ್ತಮ ಆಡಳಿತ, ಪರಿಸರ, ಸುರಕ್ಷತೆ, ಆರೋಗ್ಯ ಮತ್ತು ಶಿಕ್ಷಣ. ಪಟ್ಟಿಯ ಮೊದಲ ಅಂಶ ನೀರು ಎಂಬುದು ಗಮನಾರ್ಹ. ಕ್ಯಾಮೆರಾ, ಸಂವೇದಕ, ಮೊಬೈಲ್ ಆ್ಯಪ್‌ಗಳೇ ಸ್ಮಾರ್ಟ್ ಸಿಟಿ ಎಂಬ ತಿಳಿವಳಿಕೆ ಜನಪ್ರಿಯವಾಗಿದ್ದರೂ ಅವು ಪಟ್ಟಿಯ ಒಂದು ಭಾಗ ಮಾತ್ರ. ಕನ್ನಡದಲ್ಲಿ ಈ ಪದಕ್ಕೆ ಸಮಾನಪದಗಳನ್ನು ರೂಪಿಸುವ ಪ್ರಯತ್ನಗಳು ನಡೆದರೂ ಪತ್ರಿಕೆಗಳಲ್ಲಿಯೂ ಸರ್ಕಾರಿ ಕಡತಗಳಲ್ಲಿಯೂ ‘ಸ್ಮಾರ್ಟ್ ಸಿಟಿ’ ಎಂಬುದೇ ನೆಲೆಯೂರಿದೆ.

ಹಿನ್ನೆಲೆ

ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಎಂಬ ಕೇಂದ್ರ ಯೋಜನೆಯು 1979–80ರಲ್ಲಿಯೇ ಜಾರಿಗೆ ಬಂದಿತ್ತು. ದೊಡ್ಡ ನಗರಗಳತ್ತ ಸಾಗುವ ವಲಸೆಯನ್ನು ತಡೆಯಬೇಕಾದರೆ ಚಿಕ್ಕ ಪಟ್ಟಣಗಳನ್ನು ಬಲಪಡಿಸಬೇಕು ಎಂಬುದು ಅದರ ಆಶಯ. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದು ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನಾತ್ಮಕ ಸ್ಥಾನ ನೀಡಿತು. ಅದರೊಂದಿಗೆ ಸೇರಿದ 12ನೆಯ ಅನುಸೂಚಿಯು ನಗರ ಯೋಜನೆ, ನೀರು ಪೂರೈಕೆ, ನೈರ್ಮಲ್ಯ ಮೊದಲಾದ 18 ವಿಷಯಗಳನ್ನು ಪಟ್ಟಿಮಾಡುತ್ತದೆ.

2005ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಅಭಿಯಾನ (ಜೆನರ್ಮ್) ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮುಖ್ಯ ಭಾಗಕ್ಕೆ ಸೇರಿದವು ಬೆಂಗಳೂರು ಮತ್ತು ಮೈಸೂರು. ಉಳಿದ ಊರುಗಳಿಗಾಗಿ ಅದರಡಿ ಪ್ರತ್ಯೇಕ ಉಪಯೋಜನೆ ಇತ್ತು. ಸ್ಮಾರ್ಟ್ ಸಿಟಿ ಅಭಿಯಾನವು ಅದರ ಬಳಿಕ ಬಂದದ್ದು. ವಿಚಿತ್ರವೆಂದರೆ, ಜೆನರ್ಮ್‌ನಲ್ಲಿದ್ದ ಮೈಸೂರು ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಸ್ಥಾನ ಪಡೆಯಲಿಲ್ಲ.

ಆಯ್ಕೆಯ ವಿಧಾನ

ಅಭಿಯಾನದ ವಿಶೇಷವೆಂದರೆ ನಗರಗಳನ್ನು ಸ್ಪರ್ಧೆಯ ಮೂಲಕ ಆರಿಸಿದ್ದು. ಮೊದಲಿಗೆ ನಗರ ಜನಸಂಖ್ಯೆ ಮತ್ತು ಶಾಸನಬದ್ಧ ಪಟ್ಟಣಗಳ ಸಂಖ್ಯೆಯನ್ನು ಆಧರಿಸಿ ಪ್ರತಿ ರಾಜ್ಯಕ್ಕೆ ಇಂತಿಷ್ಟು ಸ್ಥಾನಗಳೆಂದು ಹಂಚಲಾಯಿತು. ಕರ್ನಾಟಕಕ್ಕೆ ಮೊದಲು ದೊರೆತದ್ದು ಆರು ಸ್ಥಾನ. ರಾಜ್ಯವು ತನ್ನ ನಗರಗಳಿಗೆ ಅಂಕಗಳನ್ನು ಕೊಟ್ಟು ಹೆಸರುಗಳನ್ನು ಸೂಚಿಸಬೇಕಿತ್ತು. ಶೌಚಾಲಯಗಳ ಪ್ರಗತಿ, ಆನ್‌ಲೈನ್ ಕುಂದುಕೊರತೆ ವ್ಯವಸ್ಥೆ, ತೆರಿಗೆ ಸಂಗ್ರಹ, ಸಿಬ್ಬಂದಿಯ ಸಂಬಳ ಬಾಕಿ ಉಳಿಯದಿರುವುದು, ಲೆಕ್ಕಪರಿಶೋಧನೆ, ನೀರು ಪೂರೈಕೆಯ ವೆಚ್ಚದಲ್ಲಿ ಎಷ್ಟು ಭಾಗ ಬಳಕೆದಾರರ ಶುಲ್ಕದಿಂದ ಬರುತ್ತದೆ ಎಂಬುದು, ಜೆನರ್ಮ್ ಸುಧಾರಣೆಗಳ ಸಾಧನೆ ಇವೆಲ್ಲ ಅಂಕಗಳಿಗೆ ಆಧಾರಗಳಾಗಿದ್ದವು. ಕಡಿಮೆ ಸಿಬ್ಬಂದಿಯಿಂದ ನಡೆಯುವ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯೊಂದು ಇಂಥ ಅಳತೆಗೋಲಿನಲ್ಲಿ ಮಹಾನಗರ ಪಾಲಿಕೆಯೊಂದಿಗೆ ಸ್ಪರ್ಧಿಸುವುದು ಸುಲಭವಲ್ಲ. ಕರ್ನಾಟಕದಿಂದ ಸೂಚಿತವಾದ ಮಂಗಳೂರು, ಬೆಳಗಾವಿ, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡ, ತುಮಕೂರು, ದಾವಣಗೆರೆ ಈ ಆರೂ ಮಹಾನಗರ ಪಾಲಿಕೆಗಳೇ.

ಎರಡನೆಯ ಹಂತದಲ್ಲಿ ಈ ನಗರಗಳು ತಮ್ಮ ಪ್ರಸ್ತಾವಗಳನ್ನು ಸಲ್ಲಿಸಿ ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸಿದವು. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ನಗರಗಳಲ್ಲಿ ದಾವಣಗೆರೆ ಮತ್ತು ಬೆಳಗಾವಿ ಇದ್ದವು. 2016ರ ಸೆಪ್ಟೆಂಬರಿನಲ್ಲಿ ಪ್ರಕಟವಾದ 27 ನಗರಗಳ ಪಟ್ಟಿಯಲ್ಲಿ ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ-ಧಾರವಾಡ, ತುಮಕೂರು ಸೇರಿದವು. ಬೆಂಗಳೂರು 2017ರ ಜೂನಿನಲ್ಲಿ ಸೇರಿತು.

ಹಣ ಮತ್ತು ಆಡಳಿತ

ಕೇಂದ್ರವು ಅಭಿಯಾನಕ್ಕೆ 48,000 ಕೋಟಿ ರೂಪಾಯಿ ಮೀಸಲಿಟ್ಟಿತು. ಸರಾಸರಿ ಲೆಕ್ಕದಲ್ಲಿ ಒಂದು ನಗರಕ್ಕೆ ವರ್ಷಕ್ಕೆ 100 ಕೋಟಿಯಂತೆ ಐದು ವರ್ಷ. ಇಷ್ಟೇ ಮೊತ್ತವನ್ನು ರಾಜ್ಯ ಸರ್ಕಾರ ಮತ್ತು ನಗರ ಸ್ಥಳೀಯ ಸಂಸ್ಥೆಗಳು ಸೇರಿ ಕೂಡಿಸಬೇಕು.

ಕೆಲಸವನ್ನು ಪಾಲಿಕೆಯು ನೇರವಾಗಿ ಮಾಡುವುದಿಲ್ಲ. ಪ್ರತಿ ನಗರಕ್ಕೂ ಕಂಪನಿ ಕಾಯ್ದೆಯಡಿ ಒಂದು ವಿಶೇಷ ಉದ್ದೇಶದ ಕಂಪನಿಯನ್ನು ಸ್ಥಾಪಿಸಲಾಯಿತು. ಅದರಲ್ಲಿ ರಾಜ್ಯ ಸರ್ಕಾರಕ್ಕೂ ಪಾಲಿಕೆಗೂ ಸಮಪಾಲು. ಶಿವಮೊಗ್ಗ ಸ್ಮಾರ್ಟ್ ಸಿಟಿ ಲಿಮಿಟೆಡ್ ಇಂಥ ಕಂಪನಿ. ಟೆಂಡರು, ಮಂಜೂರಾತಿಗಳು ಬೇಗ ನಡೆಯಲಿ ಎಂಬುದು ಈ ಏರ್ಪಾಡಿನ ಸಮರ್ಥನೆ. ಚುನಾಯಿತ ಸದಸ್ಯರ ಸಭೆಯ ಬದಲಿಗೆ ಅಧಿಕಾರಿಗಳೇ ಹೆಚ್ಚಿರುವ ನಿರ್ದೇಶಕ ಮಂಡಳಿಯು ತೀರ್ಮಾನ ಮಾಡುತ್ತದೆ, ಇದು 74ನೆಯ ತಿದ್ದುಪಡಿಯ ಆಶಯಕ್ಕೆ ಹೊಂದುವುದಿಲ್ಲ ಎಂಬುದು ದೇಶದಾದ್ಯಂತ ಕೇಳಿಬಂದ ಆಕ್ಷೇಪ. ವಾರ್ಡಿನ ರಸ್ತೆ ಅಗೆದಾಗ ನಿವಾಸಿಯು ಹೋಗಿ ಕೇಳುವುದು ತಾನು ಆರಿಸಿದ ಸದಸ್ಯನನ್ನೇ; ಕೆಲಸ ಮಾಡಿಸುತ್ತಿರುವುದು ಮಾತ್ರ ಕಂಪನಿ. ಆಕ್ಷೇಪದ ತಿರುಳು ಇದೇ.

ಯೋಜನೆಗಳಲ್ಲಿ ಎರಡು ಬಗೆ. ನಗರದ ಒಂದು ಭಾಗವನ್ನು ಆರಿಸಿ ಅಲ್ಲಿನ ರಸ್ತೆ, ಚರಂಡಿ, ಉದ್ಯಾನ ಮುಂತಾದುವನ್ನು ಸುಧಾರಿಸುವುದು ಪ್ರದೇಶಾಧಾರಿತ ಅಭಿವೃದ್ಧಿ. ಇಡೀ ನಗರಕ್ಕೆ ಅನ್ವಯಿಸುವ ತಂತ್ರಜ್ಞಾನದ ವ್ಯವಸ್ಥೆಗಳು ಇನ್ನೊಂದು ಬಗೆ. ನಗರಗಳು ಸಲ್ಲಿಸಿದ ಪ್ರಸ್ತಾವಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹಣ ಮೊದಲನೆಯ ಬಗೆಗೇ ಮೀಸಲಾಗಿತ್ತು. ಹೀಗಾಗಿ ಸ್ಮಾರ್ಟ್ ಸಿಟಿ ಎನಿಸಿಕೊಂಡ ನಗರದೊಳಗೂ ಯೋಜನೆಯ ಭಾಗ ಮತ್ತು ಹೊರಗಿನ ಭಾಗ ಎಂಬ ಅಂತರ ಉಂಟಾಯಿತು.

ಅಭಿಯಾನವು ಮೊದಲು ಐದು ವರ್ಷಗಳದ್ದಾಗಿದ್ದು, ಹಲವು ಬಾರಿ ವಿಸ್ತರಣೆ ಪಡೆದು 2025ರ ಮಾರ್ಚ್ 31ಕ್ಕೆ ಮುಕ್ತಾಯವಾಯಿತು. ದೇಶದಲ್ಲಿ ಒಟ್ಟು ಸುಮಾರು 8,000 ಕಾಮಗಾರಿಗಳನ್ನು, ಸುಮಾರು 1.6 ಲಕ್ಷ ಕೋಟಿ ರೂಪಾಯಿ ವೆಚ್ಚದಲ್ಲಿ ಕೈಗೊಳ್ಳಲಾಗಿತ್ತು.

ಶಿವಮೊಗ್ಗ ನಗರದಲ್ಲಿ

ತುಂಗಾ ನದಿಯ ದಂಡೆಯಲ್ಲಿರುವ ಶಿವಮೊಗ್ಗದ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 3.22 ಲಕ್ಷ. ಸ್ಮಾರ್ಟ್ ಸಿಟಿ ಯೋಜನೆಯಡಿ ಇಲ್ಲಿ ಮುಗಿದ 44 ಕಾಮಗಾರಿಗಳನ್ನು ಪ್ರಧಾನಿ ನರೇಂದ್ರ ಮೋದಿಯವರು 2023ರ ಫೆಬ್ರುವರಿ 27ರಂದು ಉದ್ಘಾಟಿಸಿದರು. ಸೋಗಾನೆಯ ವಿಮಾನ ನಿಲ್ದಾಣವೂ ಅದೇ ದಿನ ಉದ್ಘಾಟನೆಯಾಯಿತು. ಆ 44 ಕಾಮಗಾರಿಗಳ ಒಟ್ಟು ವೆಚ್ಚ 895 ಕೋಟಿ ರೂಪಾಯಿಗೂ ಹೆಚ್ಚು.

ಇವುಗಳಲ್ಲಿ ದೊಡ್ಡದು ಎಂಟು ಪ್ಯಾಕೇಜುಗಳಲ್ಲಿ ನಿರ್ಮಿಸಿದ 110 ಕಿ.ಮೀ. ಉದ್ದದ ಸ್ಮಾರ್ಟ್ ರಸ್ತೆಗಳು. ಸಾಮಾನ್ಯ ರಸ್ತೆಗೂ ಸ್ಮಾರ್ಟ್ ರಸ್ತೆಗೂ ಇರುವ ವ್ಯತ್ಯಾಸ ಮೇಲ್ಮೈಗಿಂತ ನೆಲದೊಳಗೆ ಹೆಚ್ಚು. ವಿದ್ಯುತ್ ತಂತಿ, ದೂರವಾಣಿ ಕೇಬಲ್ಲುಗಳಿಗೆ ನೆಲದಡಿ ಕೊಳವೆ ಮಾರ್ಗಗಳನ್ನು ಮೊದಲೇ ಹಾಕಿದರೆ ಮುಂದೆ ಪ್ರತಿಯೊಂದು ಸಂಪರ್ಕಕ್ಕೂ ರಸ್ತೆ ಅಗೆಯಬೇಕಾಗುವುದಿಲ್ಲ. ಆದರೆ ಅವನ್ನು ಹಾಕಲು ಒಮ್ಮೆ ದೊಡ್ಡ ಪ್ರಮಾಣದಲ್ಲಿಯೇ ಅಗೆಯಬೇಕು. ಆ ಅವಧಿಯಲ್ಲಿ ಧೂಳು, ಮಳೆಗಾಲದ ಕೆಸರು, ವಿಳಂಬ, ಕಾಮಗಾರಿಯ ಗುಣಮಟ್ಟ ಇವುಗಳ ಬಗ್ಗೆ ನಗರದ ನಿವಾಸಿಗಳಿಂದ ದೂರುಗಳು ಬಂದವು.

ಮನೆಗಳ ಹಿಂಬದಿಯ 90 ಕನ್ಸರ್ವೆನ್ಸಿ ಓಣಿಗಳ ಅಭಿವೃದ್ಧಿಯು ಇಲ್ಲಿನ ಗಮನಾರ್ಹ ಕೆಲಸ. ಹಿಂದಿನ ಕಾಲದಲ್ಲಿ ಮಲ ಸಾಗಿಸುವವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಊರುಗಳಲ್ಲಿ ಇಂಥ ಓಣಿಗಳನ್ನು ಬಿಡುತ್ತಿದ್ದರು. ಆ ಅಮಾನವೀಯ ಪದ್ಧತಿ ಹೋದ ಮೇಲೆ ಓಣಿಗಳು ಕಸದ ತಾಣಗಳಾಗಿ ಉಳಿದವು. ಅವನ್ನು ಶುಚಿಗೊಳಿಸಿ ಬಳಕೆಗೆ ತರುವುದು ಹೊಸ ಭೂಮಿಯನ್ನು ಕೇಳದ, ಸಂವೇದಕಗಳ ಹಂಗಿಲ್ಲದ ಸುಧಾರಣೆ.

ಸಮಗ್ರ ಕಮಾಂಡ್ ಮತ್ತು ಕಂಟ್ರೋಲ್ ಕೇಂದ್ರ, ಬಹುಮಹಡಿ ವಾಹನ ನಿಲುಗಡೆ, ಸ್ಮಾರ್ಟ್ ಬಸ್ ತಂಗುದಾಣಗಳು, ಘನತ್ಯಾಜ್ಯ ನಿರ್ವಹಣಾ ವ್ಯವಸ್ಥೆ, ಉದ್ಯಾನಗಳು, ನದಿದಂಡೆಯ ಅಭಿವೃದ್ಧಿ ಇವು ಉಳಿದ ಕಾಮಗಾರಿಗಳು. ವಸ್ತುಸಂಗ್ರಹಾಲಯವಾಗಿರುವ ಶಿವಪ್ಪ ನಾಯಕ ಅರಮನೆಯ ನವೀಕರಣವೂ ಇದರಲ್ಲಿ ಸೇರಿದೆ. ಅಭಿಯಾನದ ಅವಧಿ ಮುಗಿದ ಮೇಲೆ ಇವುಗಳ ವಿದ್ಯುತ್ ಬಿಲ್ಲು, ದುರಸ್ತಿ, ಸಿಬ್ಬಂದಿಯ ಖರ್ಚಿಗೆ ಅಭಿಯಾನದ ಹಣವಿಲ್ಲ. ಸ್ಥಳೀಯ ಮತ್ತು ರಾಜ್ಯದ ಸಂಪನ್ಮೂಲಗಳಿಂದಲೇ ಅದು ನಡೆಯಬೇಕು.

ಶಿಕಾರಿಪುರ ಮತ್ತು ಸೊರಬ: ಪಟ್ಟಣಗಳ ಸ್ವರೂಪ

ಶಿಕಾರಿಪುರವು ಪುರಸಭೆಯಿರುವ ಪಟ್ಟಣ. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಸುಮಾರು 36 ಸಾವಿರ. ಹುಚ್ಚರಾಯಸ್ವಾಮಿ ದೇವಾಲಯ ಮತ್ತು ಅದೇ ಹೆಸರಿನ ಕೆರೆ ಪಟ್ಟಣದ ಗುರುತುಗಳು. ಕುಮುದ್ವತಿ ನದಿಗೆ ಕಟ್ಟಿದ ಅಂಜನಾಪುರ ಜಲಾಶಯವು ಈ ತಾಲ್ಲೂಕಿನಲ್ಲಿದೆ. ಸೊರಬವು ದಂಡಾವತಿ ನದಿಯ ತೀರದಲ್ಲಿರುವ, ಶಿಕಾರಿಪುರಕ್ಕಿಂತ ಚಿಕ್ಕದಾದ ಪಟ್ಟಣ. ಬಹುಕಾಲ ಪಟ್ಟಣ ಪಂಚಾಯಿತಿಯ ಆಡಳಿತದಲ್ಲಿತ್ತು. ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಈ ಭಾಗ ಹೆಸರಾಗಿದೆ. ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿಗೆ 10 ಸಾವಿರದಿಂದ 20 ಸಾವಿರ, ಪುರಸಭೆಗೆ 20 ಸಾವಿರದಿಂದ 50 ಸಾವಿರ, ನಗರಸಭೆಗೆ 50 ಸಾವಿರದಿಂದ 3 ಲಕ್ಷ ಜನಸಂಖ್ಯೆ ಎಂಬುದು ಸಾಮಾನ್ಯ ಮಾನದಂಡ. ತೆರಿಗೆಯ ಆದಾಯ, ಎಂಜಿನಿಯರುಗಳ ಹುದ್ದೆ, ಯಂತ್ರೋಪಕರಣಗಳು ಇದೇ ಮೆಟ್ಟಿಲುಗಳಲ್ಲಿ ಏರಿಳಿಯುತ್ತವೆ.

ರಾಜಕೀಯವಾಗಿ ಈ ಎರಡು ತಾಲ್ಲೂಕುಗಳು ಹಿಂದುಳಿದವಲ್ಲ. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದ ಎಸ್. ಬಂಗಾರಪ್ಪನವರು ಸೊರಬ ತಾಲ್ಲೂಕಿನ ಕುಬಟೂರಿನವರು. ಬಿ. ಎಸ್. ಯಡಿಯೂರಪ್ಪನವರು ಶಿಕಾರಿಪುರ ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನ ಆರಂಭಿಸಿ 1983ರಲ್ಲಿ ಅಲ್ಲಿಂದಲೇ ವಿಧಾನಸಭೆಗೆ ಆಯ್ಕೆಯಾದರು, ಮುಂದೆ ಮುಖ್ಯಮಂತ್ರಿಯೂ ಆದರು. ಪುರಸಭೆಯ ಸಭಾಂಗಣದಿಂದ ಮುಖ್ಯಮಂತ್ರಿ ಪದವಿಯವರೆಗೆ ಸಾಗಿದ ಉದಾಹರಣೆಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ನಗರ ನಿರ್ಮಾಣವೂ ಈ ನೆಲಕ್ಕೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿ, ಮಠಗಳೂ ವಿದ್ಯಾಕೇಂದ್ರಗಳೂ ಇದ್ದ ದೊಡ್ಡ ಪಟ್ಟಣವಾಗಿತ್ತು. ಅದೇ ತಾಲ್ಲೂಕಿನ ತಾಳಗುಂದದ 5ನೆಯ ಶತಮಾನದ ಸ್ತಂಭಶಾಸನವನ್ನು ಕದಂಬ ವಂಶದ ಇತಿಹಾಸಕ್ಕಾಗಿ ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದನ್ನು ಹಾಕಿಸಲು ಕಾರಣವಾದದ್ದು ದೇವಾಲಯದ ಬಳಿ ಕಾಕುತ್ಸ್ಥವರ್ಮನು ಕಟ್ಟಿಸಿದ ಕೆರೆ.

ಈ ಪಟ್ಟಣಗಳಿಗೆ ಅನ್ವಯಿಸುವ ಯೋಜನೆಗಳು

ಸ್ಮಾರ್ಟ್ ಸಿಟಿಯ ದಿನವೇ, ಅಂದರೆ 2015ರ ಜೂನ್ 25ರಂದು, ಅಮೃತ್ ಅಥವಾ ಅಟಲ್ ನಗರ ನವೀಕರಣ ಮತ್ತು ಪರಿವರ್ತನಾ ಅಭಿಯಾನವೂ ಆರಂಭವಾಯಿತು. ಅದರ ಮೊದಲ ಹಂತವು ಮುಖ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ 500 ನಗರಗಳಿಗೆ ಮೀಸಲಾಗಿತ್ತು. ಜಿಲ್ಲೆಯಿಂದ ಶಿವಮೊಗ್ಗ ಮತ್ತು ಭದ್ರಾವತಿ ಅದರಲ್ಲಿದ್ದವು. ಶಿಕಾರಿಪುರ, ಸೊರಬಗಳು ಆ ಮಿತಿಯ ಕೆಳಗಿದ್ದವು.

2021ರ ಅಕ್ಟೋಬರ್ 1ರಂದು ಆರಂಭವಾದ ಅಮೃತ್ 2.0 ಈ ಮಿತಿಯನ್ನು ತೆಗೆದುಹಾಕಿತು. ಇದರಡಿ ಎಲ್ಲ ಶಾಸನಬದ್ಧ ಪಟ್ಟಣಗಳ ಪ್ರತಿ ಮನೆಗೂ ನಲ್ಲಿ ನೀರು ಒದಗಿಸುವುದು ಗುರಿ. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳಲ್ಲಿ ಯೋಜನಾ ವೆಚ್ಚದ ಅರ್ಧ ಪಾಲನ್ನು ಕೇಂದ್ರ ಕೊಡುತ್ತದೆ; ಒಂದರಿಂದ ಹತ್ತು ಲಕ್ಷದ ನಗರಗಳಿಗೆ ಮೂರನೆಯ ಒಂದು ಪಾಲು ಮಾತ್ರ. ಚಿಕ್ಕ ಊರಿಗೆ ಹೆಚ್ಚಿನ ಪಾಲು ಎಂಬ ಈ ನಿಯಮವೇ ಸ್ಮಾರ್ಟ್ ಸಿಟಿಯ ತರ್ಕಕ್ಕಿಂತ ಭಿನ್ನವಾದದ್ದು. ಕೆರೆಗಳ ಪುನರುಜ್ಜೀವನವೂ ಅಮೃತ್ 2.0ರಲ್ಲಿ ಸೇರಿದೆ. ಊರಿನ ಮಗ್ಗುಲಲ್ಲೇ ಕೆರೆಗಳಿರುವ ಮಲೆನಾಡಿನ ಅಂಚಿನ ಪಟ್ಟಣಗಳಿಗೆ ಈ ಭಾಗ ಮಹತ್ವದ್ದು.

ಆದರೆ ಒಳಚರಂಡಿಯ ವಿಷಯದಲ್ಲಿ ಅಂತರ ಉಳಿದಿದೆ. ಅಮೃತ್ 2.0ರ ಒಳಚರಂಡಿ ಭಾಗವು ಮೊದಲಿನ 500 ನಗರಗಳಿಗೆ ಮಾತ್ರ ಅನ್ವಯಿಸುತ್ತದೆ. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಬಳಸಿದ ನೀರಿನ ನಿರ್ವಹಣೆಯನ್ನು ಅದೇ ದಿನ ಆರಂಭವಾದ ಸ್ವಚ್ಛ ಭಾರತ ಅಭಿಯಾನ (ನಗರ) 2.0ಕ್ಕೆ ವಹಿಸಲಾಗಿದೆ. ಹೀಗೆ ಚಿಕ್ಕ ಪಟ್ಟಣದಲ್ಲಿ ಮನೆಗೆ ಬರುವ ನೀರು ಒಂದು ಯೋಜನೆಗೂ ಮನೆಯಿಂದ ಹೋಗುವ ನೀರು ಇನ್ನೊಂದು ಯೋಜನೆಗೂ ಸೇರುತ್ತದೆ. ನಲ್ಲಿ ನೀರು ಹೆಚ್ಚಿದಂತೆಲ್ಲ ಬಚ್ಚಲ ನೀರೂ ಹೆಚ್ಚುತ್ತದೆ. ಅದನ್ನು ಸಂಸ್ಕರಿಸುವ ಕೆಲಸ ಜೊತೆಜೊತೆಗೆ ಸಾಗದಿದ್ದರೆ ಆ ನೀರು ತೆರೆದ ಚರಂಡಿಯ ಮೂಲಕ ಊರಿನ ಕೆರೆ ಅಥವಾ ಹೊಳೆಯನ್ನೇ ಸೇರುವ ಅಪಾಯವಿದೆ. ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಶೌಚಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ವಾಹನವನ್ನು ಕರೆಸಬೇಕಾಗುತ್ತದೆ. ಆ ವಾಹನವು ಹೀರಿದ ಮಲವನ್ನು ಎಲ್ಲಿ ಸುರಿಯುತ್ತದೆ, ಅಲ್ಲಿ ಸಂಸ್ಕರಣಾ ಘಟಕ ಇದೆಯೇ ಎಂಬುದು ಇಂಥ ಪಟ್ಟಣಗಳ ನೈರ್ಮಲ್ಯವನ್ನು ನಿರ್ಧರಿಸುವ ಪ್ರಶ್ನೆ.

ರಾಜ್ಯದ ಮಟ್ಟದಲ್ಲಿ ಮುಖ್ಯಮಂತ್ರಿಗಳ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿ ಕಾರ್ಯಕ್ರಮವು ‘ನಗರೋತ್ಥಾನ’ ಎಂಬ ಹೆಸರಿನಿಂದ ಹಂತ ಹಂತವಾಗಿ ನಡೆದಿದೆ. ರಸ್ತೆ, ಮಳೆನೀರು ಚರಂಡಿಯಂಥ ಕಾಮಗಾರಿಗಳಿಗೆ ಇದು ಪ್ರಮುಖ ಮೂಲ. ಇದಲ್ಲದೆ 15ನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರ, ಪಟ್ಟಣಗಳಿಗೆ ಅನುದಾನ ಶಿಫಾರಸು ಮಾಡಿದೆ. ಅದರಲ್ಲಿ 40 ಶೇಕಡ ಮುಕ್ತ ಅನುದಾನ. ಉಳಿದ 60 ಶೇಕಡದಲ್ಲಿ ಅರ್ಧವನ್ನು ನೀರಿಗೆ, ಇನ್ನರ್ಧವನ್ನು ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ ಖರ್ಚುಮಾಡಬೇಕು. ಪಟ್ಟಣದ ಹೊರಗಿನ ಹಳ್ಳಿಗಳಿಗೆ 2019ರಲ್ಲಿ ಆರಂಭವಾದ ಜಲಜೀವನ್ ಅಭಿಯಾನ ಅನ್ವಯಿಸುತ್ತದೆ.

ತಂತ್ರಜ್ಞಾನ: ಹೆಸರಿಲ್ಲದ ಸ್ಮಾರ್ಟ್

ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಈ ಪಟ್ಟಣಗಳ ಆಡಳಿತಕ್ಕೆ ಗಣಕೀಕರಣ ತಲುಪಿಲ್ಲವೆಂದಲ್ಲ. ಆಸ್ತಿಯ ಖಾತೆಗಾಗಿ ಪೌರಾಡಳಿತ ನಿರ್ದೇಶನಾಲಯದ ಇ-ಆಸ್ತಿ ತಂತ್ರಾಂಶವನ್ನು ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಬಳಸುತ್ತವೆ. ಆಸ್ತಿ ತೆರಿಗೆಯನ್ನು ಮಾಲೀಕನೇ ಲೆಕ್ಕಹಾಕಿ ಕಟ್ಟುವ ಸ್ವಯಂಘೋಷಣಾ ಪದ್ಧತಿ ಜಾರಿಯಲ್ಲಿದೆ. 2011ರ ಸಕಾಲ ಕಾಯ್ದೆಯು ಪ್ರಮಾಣಪತ್ರ, ಪರವಾನಗಿ ಮುಂತಾದ ಸೇವೆಗಳಿಗೆ ಕಾಲಮಿತಿ ವಿಧಿಸುತ್ತದೆ. ನಾಗರಿಕನಿಗೆ ನಿತ್ಯ ಬೇಕಾಗುವುದು ಬಹುಮಟ್ಟಿಗೆ ಈ ಸೇವೆಗಳೇ. ಕಮಾಂಡ್ ಕೇಂದ್ರದ ದೊಡ್ಡ ಪರದೆಯನ್ನು ಬಹುತೇಕರು ಒಮ್ಮೆಯೂ ನೋಡುವುದಿಲ್ಲ. ಖಾತೆಯ ನಕಲಿಗಾಗಿ ಪುರಸಭೆಯ ಕಚೇರಿಗೆ ಹೋಗದ ಮನೆ ಇಲ್ಲ.

ಚಿಕ್ಕ ಪಟ್ಟಣಕ್ಕೆ ಹೊಂದುವ ತಂತ್ರಜ್ಞಾನವೂ ಬೇರೆಯದು. ಮೇಲ್ಮಟ್ಟದ ನೀರಿನ ಟ್ಯಾಂಕಿಗೆ ಮಟ್ಟ ತೋರಿಸುವ ಸಾಧನ, ಪಂಪುಗಳ ಸ್ವಯಂಚಾಲಿತ ನಿಯಂತ್ರಣ, ಎಲ್‌ಇಡಿ ಬೀದಿದೀಪಗಳಿಗೆ ಸಮಯ ನಿಯಂತ್ರಕ, ನಲ್ಲಿಗಳಿಗೆ ಮೀಟರು ಇಂಥವುಗಳಿಂದ ನೀರಿನ ಸೋರಿಕೆ ಮತ್ತು ವಿದ್ಯುತ್ ವೆಚ್ಚ ಕಡಿಮೆಯಾಗುತ್ತವೆ. ಪಂಪಿನ ವಿದ್ಯುತ್ ಬಿಲ್ಲು ಸಣ್ಣ ಪುರಸಭೆಗಳಿಗೆ ದೊಡ್ಡ ಹೊರೆಯಾದ್ದರಿಂದ ಇದು ಸಣ್ಣ ಸಂಗತಿಯಲ್ಲ.

ಸಂಪರ್ಕ ಯೋಜನೆಗಳು

ಶಿವಮೊಗ್ಗದ ಸ್ಮಾರ್ಟ್ ಸಿಟಿ ಕಾಮಗಾರಿಗಳು ಉದ್ಘಾಟನೆಯಾದ 2023ರ ಫೆಬ್ರುವರಿ 27ರಂದೇ ಶಿಕಾರಿಪುರಕ್ಕೆ ನೇರವಾಗಿ ಸಂಬಂಧಿಸಿದ ಎರಡು ಯೋಜನೆಗಳಿಗೆ ಶಂಕುಸ್ಥಾಪನೆ ನಡೆಯಿತು. ಇವು ಸ್ಮಾರ್ಟ್ ಸಿಟಿ ಅಭಿಯಾನಕ್ಕೆ ಸೇರಿದವಲ್ಲ. ಒಂದು, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ರೈಲು ಮಾರ್ಗ. ಇದರ ಅಂದಾಜು ವೆಚ್ಚ 990 ಕೋಟಿ ರೂಪಾಯಿ. ಶಿವಮೊಗ್ಗ ಕಡೆಯ ಮಾರ್ಗವನ್ನು ಬೆಂಗಳೂರು–ಮುಂಬಯಿ ಮುಖ್ಯ ಮಾರ್ಗಕ್ಕೆ ಜೋಡಿಸುವುದು ಇದರ ಉದ್ದೇಶ. ಇನ್ನೊಂದು, ಬೈಂದೂರು–ರಾಣೆಬೆನ್ನೂರು ನಡುವಿನ ರಾಷ್ಟ್ರೀಯ ಹೆದ್ದಾರಿ 766ಸಿ ಮೇಲೆ ಶಿಕಾರಿಪುರ ಪಟ್ಟಣಕ್ಕೆ ಹೊಸ ಬೈಪಾಸ್ ರಸ್ತೆ. ಸೊರಬದ ಜನರಿಗೆ ಹತ್ತಿರದ ರೈಲು ಸೌಲಭ್ಯ ಸಾಗರದಲ್ಲಿದೆ. ಶಿವಮೊಗ್ಗ–ತಾಳಗುಪ್ಪ ಮಾರ್ಗವು ಆ ಮೂಲಕ ಹಾದುಹೋಗುತ್ತದೆ.